ಹೆಪ್ಪುನಾಡಿನ ಬಿಳಿಯಂಗಿಯೂ ಕೆಂಡರಾಯನ ಹಂಡೆಯೂ

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಹೆಸರಿಟ್ಟಿರದ ಕಾಲದಲ್ಲಿ, ಹೆಪ್ಪುನಾಡು ಅನ್ನುವ ಒಂದು ರಾಜ್ಯವಿತ್ತು. ಅಲ್ಲಿನ ಚಳಿಯೆಂದರೆ ಕಂಬಳಿ ಹೊದ್ದರೆ ಹೋಗುವಂಥ ಚಳಿಯಲ್ಲ. ಹಸುವಿನ ಕೆಚ್ಚಲಿಗೆ ಕೈ ಹಾಕಿದರೆ ಹಾಲು ಇಳಿಯುತ್ತಿರಲಿಲ್ಲ, ಬೆಣ್ಣೆಯೇ ಉಂಡೆ ಉಂಡೆಯಾಗಿ ತಂಬಿಗೆಗೆ ಬೀಳುತ್ತಿತ್ತು. ಹಿಮ ಸುರಿಯಿತೆಂದರೆ ಊರಿಗೆ ಊರೇ ಮುಳುಗಿಹೋಗಿ, ಸಂತೆಗೆ ಹೋದ ಗಂಡಸರು ಉದ್ದನೆಯ ಗಳ ಹಿಡಿದು ಹಿಮದೊಳಕ್ಕೆ ಚುಚ್ಚುತ್ತಾ ಬರುತ್ತಿದ್ದರು. ಒಳಗಿಂದ ಯಾರ ಹೆಂಡತಿ ಬೈದಳೋ ಅವನು ಅಲ್ಲಿ ಇಳಿಯುತ್ತಿದ್ದ. ಒಮ್ಮೊಮ್ಮೆ ತಪ್ಪು ಮನೆಗೆ ಇಳಿದವರೂ ಉಂಟು. ಊಟ ಚೆನ್ನಾಗಿದ್ದರೆ ಅವರು ಆ ಮಾತು ಯಾರಿಗೂ ಹೇಳುತ್ತಿರಲಿಲ್ಲ.

ಆ ನಾಡಿನಲ್ಲಿ ಒಂದು ಪದ್ಧತಿ. ಕಾಡಿನ ಪ್ರಾಣಿಗಳಿಗೆ ಎರಡೆರಡು ಅಂಗಿ, ಬೇಸಿಗೆಗೆ ಕಂದು ತುಪ್ಪಳದ್ದು, ಹಿಮಗಾಲಕ್ಕೆ ಬಿಳಿ ತುಪ್ಪಳದ್ದು. ಒಂದನ್ನು ತೊಟ್ಟಿದ್ದಾಗ ಇನ್ನೊಂದನ್ನು ಅರಮನೆಯ ಮಡಿವಾಳರು ಒಗೆದು, ಒಣಗಿಸಿ, ಮಡಿಸಿಡುತ್ತಿದ್ದರು. ಏಳು ತಲೆಮಾರಿನಿಂದ ಬಂದ ಕೆಲಸ. ಅಂಗಿಯ ಒಳಮೈಗೆ, ಎಷ್ಟು ಒಗೆದರೂ ಹೋಗದ ಗೇರೆಣ್ಣೆಯ ಗುರುತು. ಮೊಲಕ್ಕೆ ಮೂರು ಚುಕ್ಕೆ, ನರಿಗೆ ಒಂದು ಸೊಟ್ಟಗೀಟು. ಗುರುತು ತಪ್ಪಿತೋ ಕೆಲಸ ಕೆಟ್ಟಿತು. ಮುತ್ತಾತನ ಕಾಲದಲ್ಲಿ ಒಮ್ಮೆ ಮೊಲದ ಅಂಗಿ ಒಂದು ನರಿಗೆ ಹೋಗಿ, ಆ ನರಿ ಹಿಮಗಾಲವಿಡೀ ಹುಲ್ಲು ಮೇಯ್ದು, ಸ್ವಂತ ಹೆಂಡತಿಯನ್ನು ಕಂಡರೆ ಎದ್ದೆನೋ ಬಿದ್ದೆನೋ ಎಂದು ಓಡಿಹೋಗುತ್ತಿತ್ತಂತೆ.

ಈ ಕತೆ ನಡೆದ ಕಾಲಕ್ಕೆ ಆ ಮನೆತನದಲ್ಲಿ ಉಳಿದವನು ಮಾಚ ಒಬ್ಬನೇ. ಇಪ್ಪತ್ತೆರಡು ವರ್ಷ, ಆನೆ ಹೊರುವಷ್ಟು ಮೂಟೆ ಹೊರುತ್ತಿದ್ದ, ಬೆನ್ನ ಮೇಲೆ ಮೂಟೆಯಿಲ್ಲದಿದ್ದರೆ ಗಾಳಿಗೆ ಹಾರಿಹೋದೇನೆಂದು ಹೆದರುತ್ತಿದ್ದ. ಅವನಷ್ಟು ಬೆಳ್ಳಗೆ ಒಗೆಯುವವರು ಏಳು ರಾಜ್ಯದಲ್ಲಿರಲಿಲ್ಲ. ಅವನು ಒಗೆದ ಪಂಚೆಯನ್ನು ಒಣಹಾಕಿದರೆ ಪಕ್ಕದ ಊರಿನ ಕೋಳಿಗಳು ಬೆಳಗಾಯಿತೆಂದು ಕೂಗುತ್ತಿದ್ದವು.

ಅಂಗಿ ಬದಲಿಸುವುದು ಯಾವಾಗ? ಅದಕ್ಕೆ ಅರಮನೆಯ ಅಂಗಳದಲ್ಲಿ ಒಂದು ನೆರಳುಗಂಬವಿತ್ತು. ಹಗಲು ಗಿಡ್ಡವಾಗುತ್ತಾ ಬಂದು, ಮಧ್ಯಾಹ್ನದ ನೆರಳು ಉದ್ದವಾಗಿ ಮೂರನೆಯ ಕಲ್ಲು ಮುಟ್ಟಿದ ದಿನ ಮಾಚ ತಮಟೆ ಬಡಿಯಬೇಕು. ಪ್ರಾಣಿಗಳೆಲ್ಲ ಸಾಲಾಗಿ ಬಂದು ಕಂದು ಬಿಚ್ಚಿ ಬಿಳಿ ತೊಡಬೇಕು. ತೊಟ್ಟ ಅಂಗಿ ಮೈಗೆ ಬೇರುಬಿಟ್ಟು ಕೂರುತ್ತಿತ್ತು. ನೆರಳು ಹಿಂದೆ ಸರಿದು ಒಂದನೆಯ ಕಲ್ಲಿಗೆ ಬರುವ ತನಕ ಬ್ರಹ್ಮನೇ ಬಂದು ಎಳೆದರೂ ಬರದು. ರಾಜ ಧವಳಸೇನನಿಂದ ಹಿಡಿದು ಕಸ ಗುಡಿಸುವವರವರೆಗೆ ಜನರೂ ಅವತ್ತೇ ಬಿಳಿಬಟ್ಟೆಗೆ ಬರುತ್ತಿದ್ದರು. ಬಿಳಿ ತೊಟ್ಟವರು ಹಿಮದಲ್ಲಿ ಕಾಣುವುದಿಲ್ಲ, ಅದಕ್ಕೆ. ಆದರೆ ನೂರಾರು ವರ್ಷ ಹಾಗೇ ನಡೆದೂ ನಡೆದೂ, ಬಿಳಿ ತೊಟ್ಟವರು ಕಾಣುವುದಿಲ್ಲ ಎಂಬುದಷ್ಟೇ ಎಲ್ಲರ ತಲೆಯಲ್ಲಿ ಉಳಿಯಿತು. ಹಿಮದ ಮಾತು ದಾರಿಯಲ್ಲೆಲ್ಲೋ ಬಿದ್ದುಹೋಯಿತು.

ಹೀಗಿರುವಾಗ ಹಿಮ ತಡವಾಗತೊಡಗಿತು. ಒಂದು ವರ್ಷ ಹತ್ತು ದಿನ ತಡ. ಮರುವರ್ಷ ಒಂದು ತಿಂಗಳು ತಡ. ಮೂರನೆಯ ವರ್ಷ ನೆರಳು ಮೂರನೆಯ ಕಲ್ಲು ಮುಟ್ಟಿತು, ಮಾಚ ತಮಟೆ ಬಡಿದ, ಎಲ್ಲರೂ ಬಿಳಿ ತೊಟ್ಟರು, ಹಿಮ ಮಾತ್ರ ಬರಲೇ ಇಲ್ಲ. ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಯಾಕೆಂದರೆ ಆಗ ಊರಿಗೆ ಹೊಸದೊಂದು ಸುಖ ಬಂದಿತ್ತು. ಉತ್ತರದ ಬೆಟ್ಟದ ಮೇಲಿದ್ದ ಕೆಂಡರಾಯನೆಂಬ ಮಾಂತ್ರಿಕ ಒಂದು ದೊಡ್ಡ ಹಂಡೆಯಲ್ಲಿ ನೀರು ಕಾಯಿಸಿ, ಬಿದಿರಿನ ಕೊಳವೆಗಳಲ್ಲಿ ಮನೆಮನೆಗೂ ಪುಕ್ಕಟೆ ಬಿಸಿನೀರು ಬಿಡುತ್ತಿದ್ದ. ಕೊಳವೆಯ ತುದಿಯನ್ನು ತಮ್ಮ ಬಚ್ಚಲಿಗೆ ತಾವೇ ಎಳೆದುಕೊಂಡರೆ ಆಯಿತು. ದಿನಕ್ಕೆ ಮೂರು ಸಲ ಎಣ್ಣೆಸ್ನಾನ ಮಾಡುವವರಿದ್ದರು. ಮಾಂತ್ರಿಕನಾದರೂ ಪುಣ್ಯಾತ್ಮ ಎಂದು ಎಲ್ಲರೂ ಕೈಮುಗಿಯುತ್ತಿದ್ದರು.

ಒಂದು ದಿನ ಮಟಮಟ ಮಧ್ಯಾಹ್ನ. ಕಂದು ನೆಲ ಕಾದು ಬಿರುಕುಬಿಟ್ಟಿತ್ತು. ಬಯಲಿನ ನಟ್ಟನಡುವೆ ಕಿವಿಯಜ್ಜಿ ಎಂಬ ಮುದಿ ಮೊಲ, ಸುಣ್ಣ ಬಳಿದ ಮಡಕೆಯ ಹಾಗೆ, ಅಲುಗಾಡದೆ ಕೂತಿತ್ತು. ಪಕ್ಕದಲ್ಲಿ ಮೊಮ್ಮಗಳು ಬಿಂದಿಗೆ. ದುಂಡಗಿದ್ದಳೆಂದು ಆ ಹೆಸರು. ಅಜ್ಜಿಗೆ ಏಳು ಮೊಮ್ಮಕ್ಕಳು. ಆರನ್ನು ಒಂದು ಗಿಡುಗ ಎತ್ತಿಕೊಂಡು ಹೋಗಿತ್ತು. ಉಳಿದದ್ದು ಇವಳೊಬ್ಬಳೇ. ಮಾಚ ಮೂಟೆ ಹೊತ್ತು ಆ ದಾರಿಯಲ್ಲಿ ಬಂದವನು ಅಜ್ಜಿಯನ್ನು ದೂರದಿಂದಲೇ ಕಂಡ. ಒಗೆದವನ ಕಣ್ಣಿಗೆ ಮಾತ್ರ ಹೀಗೆ ಕಾಣುತ್ತದೆ ಎಂದುಕೊಂಡು ಮೀಸೆ ತೀಡಿದ.

"ಶ್! ಸುಮ್ಮನಿರು ಮಗಾ," ಎಂದಿತು ಅಜ್ಜಿ ತುಟಿಯಂಚಿನಲ್ಲಿ. "ಅಗೋ ನೋಡು, ಆ ಸೊಟ್ಟಪ್ಪ ನರಿ ತೆವಳಿಕೊಂಡು ಬರ್ತಾ ಇದ್ದಾನೆ. ಹೊಟ್ಟೆ ನೆಲಕ್ಕೆ ಹಚ್ಚಿ, ಬಾಲ ಮಡಚಿ, ಬೆಳ್ಳಗೆ ಕೊಕ್ಕರೆ ಥರಾ ಕಾಣ್ತಿದ್ದಾನೆ. ಪಾಪ, ಯಾರಿಗೂ ಕಾಣಲ್ಲ ಅನ್ಕೊಂಡಿದ್ದಾನೆ! ನನ್ನದು ಹಳೇ ಕಣ್ಣು ನೋಡು, ಅದಕ್ಕೇ ಗೊತ್ತಾಯ್ತು."

"ನೀವು?" ಎಂದ ಮಾಚ.

"ನಾವಾ? ನಾವು ಇಲ್ಲೇ ಇಲ್ಲವಲ್ಲ," ಎಂದು ಅಜ್ಜಿ ಕಿವಿ ನೆಟ್ಟಗೆ ಮಾಡಿ ಕೂತಿತು.

ಅಷ್ಟರಲ್ಲಿ ಮೇಲಿಂದ ಕಲ್ಲು ಬಿದ್ದ ಹಾಗೆ ಗಿಡುಗ ಬಿತ್ತು. ಧೂಳೆದ್ದು ಇಳಿಯುವುದರೊಳಗೆ ಬಿಂದಿಗೆ ಆಕಾಶದಲ್ಲಿದ್ದಳು. ಗಿಡುಗ ಅವಳನ್ನು ಎತ್ತಿಕೊಂಡು ನೆಟ್ಟಗೆ ಉತ್ತರಕ್ಕೆ, ಕೆಂಡರಾಯನ ಹೊಗೆಬೆಟ್ಟದ ಕಡೆ ಹಾರಿತು.

ಅಜ್ಜಿ ಅಳಲಿಲ್ಲ. ತಿರುಗಿ ಮಾಚನ ಕಣಕಾಲಿಗೆ ಫಟಾರನೆ ಒದೆಯಿತು. "ಏಳು ತಲೆಮಾರಿನ ಕೈ ಅಂತ ನಂಬಿ ಮೈ ಕೊಟ್ಟೆವಲ್ಲೋ! ಆ ಕೂಸಿಗೆ ನೀನೇ ಕೈಯಾರ ಅಂಗಿ ತೊಡಿಸಿದೆ. ಅದರಲ್ಲಿ ಏನು ಖೋಟಾ ಮಾಡಿದ್ದೀಯ ಹೇಳು! ಗಿಡುಗನಿಗೆ ಹೇಗೆ ಕಂಡಿತು?"

ಮಾಚನಿಗೆ ಕಾಲಿನ ನೋವಿಗಿಂತ ಈ ಮಾತು ಹೆಚ್ಚು ನೋವಾಯಿತು. ಅವನು ಅಜ್ಜಿಯ ಅಂಗಿಯ ಅಂಚು, ಹೊಲಿಗೆ, ಕಂಕುಳು ಎಲ್ಲ ತಿರುಗಿಸಿ ನೋಡಿದ. ಒಂದು ಕಲೆಯಿಲ್ಲ. "ಅಜ್ಜೀ, ನನ್ನ ಒಗೆತ ಸರಿಯಾಗಿದೆ. ಆದರೂ ಕಂಡಿತು ಅಂದರೆ ಏನೋ ಮಾಯ ನಡೆದಿದೆ. ಬಿಂದಿಗೆಯನ್ನು ವಾಪಸು ತರದೆ ಈ ಮೂಟೆ ನೆಲಕ್ಕಿಳಿಸಲ್ಲ," ಎಂದ. ಮೂಟೆಯಲ್ಲಿ ಏನಿತ್ತು? ಏಳು ತಲೆಮಾರಿನಿಂದ ಹರಿದುಹೋಗಿ, ತೊಡಲಿಕ್ಕೆ ಬಾರದೆ, ಎಸೆಯಲಿಕ್ಕೂ ಮನಸ್ಸಾಗದೆ ಇಟ್ಟುಕೊಂಡಿದ್ದ ಹಳೇ ಬಿಳಿಯಂಗಿಗಳು. ಅವತ್ತು ಅವನ್ನು ಬಿಸಿಲಿಗೆ ಹಾಕಲು ಹೊರಟಿದ್ದ.

"ನಾನೂ ಬರ್ತೀನಿ," ಎಂದಿತು ಅಜ್ಜಿ.

"ನಾನೂ," ಎಂದಿತು ನರಿ ಸೊಟ್ಟಪ್ಪ, ತೆವಳುವುದು ಬಿಟ್ಟು ಎದ್ದು. "ಮೂರು ತಿಂಗಳಾಯ್ತು ಒಂದು ಇಲಿ ಸಿಕ್ಕಿಲ್ಲ ಕಣಣ್ಣ. ನಾನು ಮೂರು ಹರದಾರಿ ಆಚೆ ಇರುವಾಗಲೇ ಇಲಿಗಳು ಕೂಗ್ತಾವೆ, ಸೊಟ್ಟಪ್ಪ ಬಂದ, ಸೊಟ್ಟಪ್ಪ ಬಂದ ಅಂತ. ಮಾಯ ಅಲ್ಲದೆ ಮತ್ತೇನು?"

"ಇವನನ್ನು ಕರಕೊಂಡು ಹೋಗೋದಾ? ದಾರೀಲಿ ನನ್ನನ್ನೇ ತಿಂದಾನು!"

"ಅಜ್ಜೀ, ನಿನ್ನಲ್ಲೇನಿದೆ, ಬರೀ ನಾರು. ಹಲ್ಲಿಗೆ ಸಿಕ್ಕಿಕೊಂಡರೆ ತೆಗೆಯೋರು ಯಾರು?"

ಹೀಗೆ ಮೂರು ಬಿಳಿಜೀವಗಳು ಕಂದು ಬಯಲಿನ ಮೇಲೆ, ಯಾರಿಗೂ ಕಾಣುವುದಿಲ್ಲವೆಂಬ ಧೈರ್ಯದಲ್ಲಿ, ಗುಟ್ಟಾಗಿ ಹೊರಟವು. ದಾರಿಯುದ್ದಕ್ಕೂ ದನ ಕಾಯುವವರು ಎದ್ದು ನಿಂತು ನೋಡಿದರು.

ಬೆಟ್ಟದ ಬಾಗಿಲಲ್ಲಿ ಮೊದಲನೆಯ ಗಂಡಾಂತರ. ಅಲ್ಲೊಂದು ಉರಿಗೂಳಿ ಕಾವಲಿತ್ತು. ಮೂಗಿನಿಂದ ಬೆಂಕಿ, ಕೊಂಬಿನಿಂದ ಕಿಡಿ, ಸಗಣಿ ಹಾಕಿದರೆ ಕೆಂಡ. ಕಂಡವರನ್ನು ಸುಟ್ಟು ಬೂದಿ ಮಾಡುವುದೇ ಅದರ ಕೆಲಸ. ಮಾಚ ಮೆಲ್ಲಗೆ, "ಹೆದರಬೇಡಿ, ಕಾಣಲ್ಲ, ನಡೀರಿ," ಎಂದ. ಮೂವರೂ ಗೂಳಿಯ ಮೂಗಿನ ಮುಂದೆಯೇ ಸಾಲಾಗಿ ನಡೆದರು. ನರಿಯಂತೂ ಗೂಳಿಯ ಕಾಲಸಂದಿಯಲ್ಲಿ ನುಸುಳಿ, ಮಧ್ಯೆ ನಿಂತು ಕಿವಿ ಕೆರೆದುಕೊಂಡು ಹೋಯಿತು. ಗೂಳಿ ಬೆರಗಾಗಿ ನಿಂತುಬಿಟ್ಟಿತು. ನೂರು ವರ್ಷದಲ್ಲಿ ಬಂದವರೆಲ್ಲ ತನ್ನನ್ನು ಕಂಡು ಕಿರುಚಿ ಓಡಿದವರೇ. ಈ ಮೂವರು ತನ್ನನ್ನು ನೊಣಕ್ಕೆ ಸಮ ಎಣಿಸಿ ಹೋಗುತ್ತಿದ್ದಾರೆ ಎಂದರೆ ಇವರ ಹತ್ತಿರ ಎಂಥ ಶಕ್ತಿ ಇರಬೇಕು! ಅದು ಬೆಂಕಿಯುಸಿರನ್ನು ಹಾಗೇ ನುಂಗಿಕೊಂಡು, ಬಿಕ್ಕಳಿಸುತ್ತಾ, ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

"ನೋಡಿದ್ರಾ? ಅಂಗಿ ಸರಿಯಾಗೇ ಇದೆ," ಎಂದ ಮಾಚ, ಎದೆ ಮುಂದೆ ಮಾಡಿ.

ಬೆಟ್ಟದ ತುದಿಯಲ್ಲಿ ಕೆಂಡರಾಯನ ಬಚ್ಚಲುಮನೆ. ಅಲ್ಲಿದ್ದ ಹಂಡೆಯ ಕಂಠದ ಸುತ್ತ ಎತ್ತಿನಗಾಡಿ ಹೊರಟರೆ ವಾಪಸು ಬರಲು ಮೂರು ದಿನ ಬೇಕು. ಕೆಳಗಿನ ಒಲೆ ಮರಗಳನ್ನು ಬೇರು ಸಮೇತ ನುಂಗುತ್ತಿತ್ತು. ಹಂಡೆಯ ಬುಡದ ಮಣೆಯ ಮೇಲೆ ತಲೆತುಂಬ ಎಣ್ಣೆ ಬಡಿದುಕೊಂಡು ಕೆಂಡರಾಯ ಕೂತಿದ್ದ. ಮುನ್ನೂರು ವರ್ಷದ ಮುದುಕ, ಊದಿನಕಡ್ಡಿಯಷ್ಟು ದಪ್ಪ, ಏಳು ಕಂಬಳಿ ಹೊದ್ದಿದ್ದರೂ ಹಲ್ಲು ಕಟಕಟ ಕಟಕಟ ಎನ್ನುತ್ತಿತ್ತು. ಮಾಚ, ಅಜ್ಜಿ, ನರಿ ಮೂವರೂ ಉಸಿರು ಬಿಗಿಹಿಡಿದು ಮಸಿಗೋಡೆಗೆ ಅಂಟಿಕೊಂಡು ನಿಂತರು.

"ಯಾರಲೋ ಅದು, ಬಾಗಿಲು ತೆಗೆದು ಗಾಳಿ ಬಿಡ್ತಾ ಇರೋದು?" ಎಂದ ಮಾಂತ್ರಿಕ.

ಮೂವರೂ ಗೋಡೆಗೆ ಇನ್ನಷ್ಟು ಒತ್ತಿಕೊಂಡರು.

"ನಿನ್ನನ್ನೇ ಕಣೋ, ಮೂಟೆಯವನೆ!"

"ಇಲ್ಲಿ ಯಾರೂ ಇಲ್ಲ," ಎಂದ ಮಾಚ.

"ಮತ್ತೆ ಮಾತಾಡ್ತಿರೋದು?"

ಮಾಚ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

"ನನ್ನ ಎರಡು ಕಣ್ಣಿಗೂ ಪೊರೆ ಬಂದಿದೆ. ಆದರೂ ನೀವು ಬಯಲು ದಾಟುವಾಗಿಂದ ನೋಡ್ತಾ ಇದ್ದೀನಿ. ಕಂದುನೆಲದ ಮೇಲೆ ಮೂರು ಬಿಳಿ ಬೊಟ್ಟು! ಗುಟ್ಟಾಗಿ ಬರ್ತಾರಂತೆ, ಗುಟ್ಟಾಗಿ!" ಎಂದು ಮುದುಕ ನಕ್ಕೂ ನಕ್ಕೂ ಕೆಮ್ಮಿದ.

ಮಾಚ ಅಜ್ಜಿಯನ್ನು ನೋಡಿದ. ಅಜ್ಜಿ ನರಿಯನ್ನು ನೋಡಿತು. ನರಿ ತನ್ನನ್ನೇ ತಾನು ನೋಡಿಕೊಂಡು, "ಅಯ್ಯಯ್ಯೋ! ಮೂರು ತಿಂಗಳಿಂದ ನಾನು ಎಲ್ಲೆಲ್ಲಿ ಏನೇನು ಮಾಡಿದೆನೋ ಎಲ್ಲಾ ಎಲ್ಲರೂ ನೋಡಿದ್ದಾರಾ?" ಎಂದು ಬಾಲದಿಂದ ಮುಖ ಮುಚ್ಚಿಕೊಂಡಿತು.

ಆಗ ಮಾಂತ್ರಿಕನ ಕಂಬಳಿಯೊಳಗಿಂದ ಒಂದು ದನಿ ಬಂತು. "ಅಜ್ಜೀ! ಇವನ ಕಾಲು ಕಪ್ಪೆಗಿಂತ ತಣ್ಣಗಿದೆ ಅಜ್ಜೀ!"

ಬಿಂದಿಗೆ! ಕೆಂಡರಾಯ ತನ್ನ ಕಾಲು ಬೆಚ್ಚಗಿರಲೆಂದು ಮೊಲದ ಮರಿಗಳನ್ನು ಹಿಡಿದು ತರಲು ಗಿಡುಗನನ್ನು ಬಿಟ್ಟಿದ್ದ. ಅವನ್ನೆಲ್ಲ ಪಾದದ ಸುತ್ತ ಒತ್ತರಿಸಿ ಕಂಬಳಿ ಮುಚ್ಚಿದ್ದ. ಅಜ್ಜಿ ಹಾರಿ ಹೋಗಿ ಕಂಬಳಿ ಎತ್ತಿ ನೋಡಿತು. ಒಂದು, ಎರಡು, ಮೂರು, ನಾಲ್ಕು, ಬಿಂದಿಗೆ ಸೇರಿ ಐದು. ಇನ್ನೆರಡು ಎಲ್ಲಿ? ತೊಲೆಯ ಮೇಲೆ ಕೂತಿದ್ದ ಗಿಡುಗ ಬೇರೆ ಕಡೆ ನೋಡುತ್ತಾ, "ದಾರಿ ದೂರ ಇತ್ತು, ಹಸಿವಾಯ್ತು," ಎಂದಿತು. ಅಜ್ಜಿಯ ಎರಡೂ ಕಿವಿ ಮೆಲ್ಲಗೆ ಬೆನ್ನ ಮೇಲೆ ಬಿದ್ದವು. ಆ ಕಿವಿ ಕೆಳಗೆ ಬಿದ್ದದ್ದನ್ನು ಮಾಚ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ನಿಮ್ಮ ಅಂಗಿ ತಪ್ಪಲ್ಲಪ್ಪ," ಎಂದ ಕೆಂಡರಾಯ, ಕಾಲು ಒಳಗೆಳೆದುಕೊಳ್ಳುತ್ತಾ. "ಹಿಮ ಬಿದ್ದರೆ ನನ್ನ ಮಂಡಿ ಹಿಡಿದುಕೊಳ್ಳುತ್ತೆ. ಅದಕ್ಕೇ ಈ ಒಲೆ ಆರಿಸಿಲ್ಲ. ಇದರ ಹೊಗೆ ಹೋಗಿ ಆಕಾಶಕ್ಕೇ ಕಂಬಳಿ ಹೊದಿಸಿದೆ. ಹಿಮ ಬೀಳೋಕೆ ಅಂತ ಹೊರಡುತ್ತೆ, ದಾರೀಲೇ ಬೆವರಿ ಕರಗಿಹೋಗುತ್ತೆ. ಹಗಲು ಮಾತ್ರ ಹಳೇ ಲೆಕ್ಕದಲ್ಲೇ ಗಿಡ್ಡ ಆಗುತ್ತೆ, ನೀನು ಹಳೇ ಲೆಕ್ಕದಲ್ಲೇ ಬಿಳಿ ತೊಡಿಸ್ತೀಯ. ಹೆಹ್ಹೆ!"

ಮಾಚನಿಗೆ ಆಗ ತಿಳಿಯಿತು. ಸಿಟ್ಟಿನಿಂದ ಅವನ ಕಿವಿ ಕೆಂಪಾಯಿತು. ಆದರೆ ಮುದುಕನ ಕಟಕಟ ಹಲ್ಲು ನೋಡಿ ಒಂದು ಯೋಚನೆಯೂ ಬಂತು. "ಬೆಂಕಿಯಿಲ್ಲದೆ ನಿನ್ನನ್ನು ಬೆಚ್ಚಗೆ ಮಾಡಿದರೆ ಒಲೆ ಆರಿಸ್ತೀಯಾ? ಮರಿಗಳನ್ನು ಬಿಡ್ತೀಯಾ?"

"ಬೆಂಕಿಯಿಲ್ಲದೆ ಬೆಚ್ಚಗಾ? ನನ್ನ ತಲೆಯ ಎಣ್ಣೆ ಹಣೆಗಿಳಿದು ಮೂಗಿನ ತುದಿಗೆ ಬರೋದ್ರೊಳಗೆ ಮಾಡಿ ತೋರಿಸು. ಆಗದಿದ್ದರೆ ನೀವು ಮೂವರೂ ನನ್ನ ಕಾಲಬುಡಕ್ಕೆ. ನರಿ ಎಡಗಾಲಿಗೆ."

ಇದು ಎರಡನೆಯ ಗಂಡಾಂತರ. ಮಾಚ ಮೂಟೆ ಬಿಚ್ಚಿದ. ಏಳು ತಲೆಮಾರಿನ ಹರಕು ಬಿಳಿಯಂಗಿಗಳು ಬಚ್ಚಲುಮನೆ ತುಂಬ ಹರಡಿಕೊಂಡವು. ಅಜ್ಜಿ ತೇಪೆ ಹೊಂದಿಸಿತು, ನರಿ ಹಲ್ಲಿನಲ್ಲಿ ದಾರ ಹರಿಯಿತು, ಮಾಚ ಅಂಗಿಗೆ ಸದಾ ಚುಚ್ಚಿಕೊಂಡಿರುತ್ತಿದ್ದ ಸೂಜಿ ತೆಗೆದು ಹೊಲಿದ. ಅವನ ಸೂಜಿ ಓಡಿದ ವೇಗಕ್ಕೆ ದಾರ ಹೊಗೆಯಾಡಿತು. ಎಣ್ಣೆ ಹಣೆಗಿಳಿಯಿತು, ಎಣ್ಣೆ ಹುಬ್ಬಿಗಿಳಿಯಿತು, ಎಣ್ಣೆ ಮೂಗಿನ ಮೇಲೆ ಜಾರಿ ತುದಿಗೆ ಬಂದು ತೂಗಾಡುತ್ತಿರುವಾಗ ಮಾಚ ಕೊನೆಯ ಗಂಟು ಹಾಕಿ, ಮೊಣಕೈ ದಪ್ಪದ ತುಪ್ಪಳದ ನಿಲುವಂಗಿಯನ್ನು ಮುದುಕನ ಮೇಲೆ ಕವುಚಿ ಹಾಕಿದ.

ಮುದುಕ ಮೊದಲು ಮುಖ ಸಿಂಡರಿಸಿದ. ಆಮೇಲೆ ಮೂರು ಸಲ ಸೀನಿದ. ಆಮೇಲೆ ಆ ಕಟಕಟ ನಿಂತುಹೋಯಿತು. ಮುನ್ನೂರು ವರ್ಷದಿಂದ ಕೇಳುತ್ತಿದ್ದ ಸದ್ದು ನಿಂತದ್ದೇ ಇಡೀ ಬೆಟ್ಟ ಎಷ್ಟು ಮೌನವಾಯಿತೆಂದರೆ, ಕೆಳಗೆ ಉರಿಗೂಳಿ ಬಿಕ್ಕಳಿಸುವುದು ಮೇಲಕ್ಕೆ ಕೇಳಿಸಿತು. ಕೆಂಡರಾಯ ತನ್ನ ಕೈಯನ್ನು ತಾನೇ ಮುಟ್ಟಿ ನೋಡಿಕೊಂಡು, "ನಮ್ಮವ್ವನ ಮಡಿಲಿನ ಹಾಗಿದೆ ಕಣೋ," ಎಂದು ಗೊಳೋ ಎಂದು ಅತ್ತುಬಿಟ್ಟ.

ಮರಿಗಳನ್ನು ಬಿಟ್ಟ. ಒಲೆ ಆರಲಿ ಎಂದು ಮಂತ್ರ ಹೇಳಿದ. ಒಲೆ ಆರಲಿಲ್ಲ. ಇನ್ನೊಂದು ಸಲ ಹೇಳಿದ. ಇನ್ನೂ ಜೋರಾಗಿ ಉರಿಯಿತು. ಮುದುಕ ತಲೆ ಕೆರೆದುಕೊಂಡ. "ಆಹ್, ಮರೆತಿದ್ದೆ. ಈ ಒಲೆ ಈಗ ನನ್ನೊಬ್ಬನ ಮಾತು ಕೇಳಲ್ಲ. ಅಲ್ಲಿ ನೋಡು, ಮೂರು ಸಾವಿರ ಕೊಳವೆ. ಒಬ್ಬರಾದರೂ ನೀರು ಎಳೆಯುತ್ತಿರುವ ತನಕ ಇದು ಉರಿದೇ ಉರಿಯುತ್ತೆ. ಎಳೆದುಕೊಂಡವರು ತಮ್ಮ ಕೈಯಾರ ಮುಚ್ಚಬೇಕು. ಬೇರೆಯವರು ಮುಚ್ಚಿದರೆ ಮತ್ತೆ ತೆರೆದುಕೊಳ್ಳುತ್ತೆ."

"ಆ ತೆಂಗಿನಮರದಷ್ಟು ದಪ್ಪ ಇರೋದು ಯಾರದು?"

"ನಿಮ್ಮ ರಾಜನದು."

"ಅದರ ಪಕ್ಕದ್ದು? ಅದೂ ದಪ್ಪ ಇದೆ."

"ಮೂಸಿ ನೋಡು."

ಮಾಚ ಮೂಸಿದ. ಬಟ್ಟೆ ಒಗೆಯುವ ಸೌಳುಮಣ್ಣಿನ ವಾಸನೆ. ಬಟ್ಟೆಯನ್ನು ಉಬ್ಬೆಗೆ ಹಾಕಿ ಬೇಯಿಸುವ ಮಡಿವಾಳನ ಬಾನಿಗೆ ಹೋಗುವ ಕೊಳವೆ. ಅವನದೇ. ಬಿಳಿಯಂಗಿ ಇನ್ನಷ್ಟು ಬೆಳ್ಳಗಾಗಲೆಂದು ಎರಡು ವರ್ಷದ ಹಿಂದೆ ಅವನೇ ಎಳೆದುಕೊಂಡದ್ದು. ಅಜ್ಜಿ ಅವನ ಮುಖ ನೋಡಿತು. ಈ ಸಲ ಒದೆಯಲಿಲ್ಲ. ಒದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಮಾಚನಿಗೆ. ಅವನು ಹೆಗಲ ಮೇಲಿನ ಬಟ್ಟೆ ತೆಗೆದು, ಮುದ್ದೆಮಾಡಿ, ತನ್ನ ಕೊಳವೆಯ ಬಾಯಿಗೆ ತುರುಕಿದ. ಒಲೆ ಒಂದು ಗೇಣು ಕೆಳಗಿಳಿಯಿತು.

ಮೂರನೆಯ ಗಂಡಾಂತರ ಎಲ್ಲಕ್ಕಿಂತ ದೊಡ್ಡದು. ಮಾಂತ್ರಿಕನನ್ನು ಒಪ್ಪಿಸಬಹುದು, ಬಿಸಿನೀರಿನಲ್ಲಿ ಕೂತ ರಾಜನನ್ನು ಒಪ್ಪಿಸುವುದು ಹೇಗೆ? ಮಾಚ ಅರಮನೆಗೆ ಹೋದಾಗ ಧವಳಸೇನ ಮಹಾರಾಜ ಕತ್ತಿನವರೆಗೆ ನೀರಿನಲ್ಲಿ ಮುಳುಗಿ, ತಲೆಗೆ ಸೀಗೆಪುಡಿ ಹಚ್ಚಿಸಿಕೊಂಡು ಕಣ್ಣು ಮುಚ್ಚಿದ್ದ.

"ಏನೆಂದೆ? ಕೊಳವೆ ಮುಚ್ಚಿ ನಾನು ತಣ್ಣೀರು ಹುಯ್ಕೋಬೇಕಾ? ನಾಲ್ಕು ಮೊಲಕ್ಕೋಸ್ಕರ?"

"ಮೊಲಕ್ಕಷ್ಟೇ ಅಲ್ಲ ಬುದ್ಧಿ. ಹಿಮ ಇಲ್ಲದೆ ಬಿಳಿ ತೊಟ್ಟರೆ ಎಲ್ಲರೂ ಕಾಣ್ತೀವಿ. ತಾವೂ ಕಾಣ್ತೀರಿ."

"ಎಲವೋ ಮಾಚ! ಬಿಳಿ ತೊಟ್ಟ ರಾಜ ಕಾಣ್ತಾನೆ ಅಂತೀಯಾ? ನಾಳೆ ನಾವು ಕೆಮ್ಮಣ್ಣುನಾಡಿನ ನಗಾರಿ ಕದಿಯೋಕೆ ಹೊರಟಿದ್ದೀವಿ, ಗೊತ್ತಾ?" ಪ್ರತಿ ಹಿಮಗಾಲದಲ್ಲೂ ಹೆಪ್ಪುನಾಡಿನ ಸೈನ್ಯ ಬಿಳಿಬಟ್ಟೆಯಲ್ಲಿ ತೆವಳಿ ಹೋಗಿ, ಪಕ್ಕದ ಕೆಮ್ಮಣ್ಣುನಾಡಿನ ಗಡಿನಗಾರಿಯನ್ನು ಹೊತ್ತು ತರುವುದು ವಾಡಿಕೆ. ನೂರು ವರ್ಷದಲ್ಲಿ ಒಮ್ಮೆಯೂ ಸಿಕ್ಕಿಬಿದ್ದಿರಲಿಲ್ಲ.

"ಹೋಗಿ ಬನ್ನಿ ಬುದ್ಧಿ," ಎಂದ ಮಾಚ. "ಅವರಿಗೆ ತಾವು ಕಾಣದಿದ್ದರೆ ನನ್ನ ತಲೆ ತೆಗೀರಿ. ಕಂಡರೆ ಕೊಳವೆ ಮುಚ್ಚಿ."

"ಆಗಲಿ," ಎಂದ ರಾಜ. "ಕತ್ತಿ ಮಸೆದಿಡ್ರೋ."

ಮರುದಿನ ಬಿಸಿಲು ನೆತ್ತಿಗೆ ಬಂದ ಹೊತ್ತು. ಸಾವಿರ ಜನ ಬಿಳಿ ಪಂಚೆ, ಬಿಳಿ ಅಂಗಿ, ಬಿಳಿ ಪೇಟ ತೊಟ್ಟು, ಕೆಂಪು ಗುಡ್ಡದ ಮೇಲೆ ಹೊಟ್ಟೆಯ ಮೇಲೆ ತೆವಳಿದರು. ಮುಂದೆ ಮಹಾರಾಜ, ಕಿರೀಟಕ್ಕೂ ಬಿಳಿ ಬಟ್ಟೆ ಸುತ್ತಿಕೊಂಡು. ಹಿಂದೆ ಸೇನಾಪತಿ. ಅವನ ಹಿಂದೆ ಮಾಚ, ತನ್ನ ಕತ್ತು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾ. ಮೇಲೆ ಕೆಮ್ಮಣ್ಣುನಾಡಿನ ಕಾವಲಿನವರು ಚಾಪೆ ಹಾಸಿ, ಹೆಂಡತಿ ಮಕ್ಕಳನ್ನು ಕರೆಸಿ ಕೂರಿಸಿ, ಹುರಿಗಡಲೆ ಹಂಚಿಕೊಂಡು ತಿನ್ನುತ್ತಾ ನೋಡುತ್ತಿದ್ದರು.

"ಕಿರೀಟದವರೇ, ಸ್ವಲ್ಪ ಎಡಕ್ಕೆ! ಅಲ್ಲಿ ಜಾಲಿಮುಳ್ಳಿದೆ!" ಎಂದು ಮೇಲಿಂದ ಒಬ್ಬ ಕೂಗಿದ.

ರಾಜ ತೆವಳುವುದು ನಿಲ್ಲಿಸಿ ಪಿಸುಗುಟ್ಟಿದ. "ಯಾರಿಗೆ ಹೇಳ್ತಿದ್ದಾನೆ?"

"ಬೇರೆ ಯಾರೋ ಕಿರೀಟದವರಿಗೆ ಇರಬೇಕು ಮಹಾಪ್ರಭು," ಎಂದ ಸೇನಾಪತಿ.

ರಾಜ ನೆಟ್ಟಗೆ ತೆವಳಿದ. ಮುಳ್ಳು ಚುಚ್ಚಿತು. ಉಸಿರೆತ್ತಲಿಲ್ಲ. "ಹೇಳಿದೆನಲ್ಲ ಸ್ವಾಮಿ, ಎಡಕ್ಕೆ ಅಂತ!" ಎಂದು ಮೇಲಿನವನು ಮರುಗಿದ. ಇ‌ನ್ನೂ ಹತ್ತು ಮಾರು ಹೋಗುವಷ್ಟರಲ್ಲಿ ಕಾವಲಿನವನ ಹೆಂಡತಿ ಒಂದು ಚೆಂಬು ಹಿಡಿದು ಇಳಿದುಬಂದು, ರಾಜನ ಮೂಗಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಪಾಪ, ಈ ಬಿಸಿಲಲ್ಲಿ ಎಷ್ಟು ಹೊತ್ತಿಂದ ತೆವಳ್ತಿದ್ದೀರಿ. ಮಜ್ಜಿಗೆ ಕುಡೀರಿ ಅಣ್ಣಾ. ಕೊತ್ತಂಬರಿ ಹಾಕಿದ್ದೀನಿ. ನಗಾರಿ ಎಲ್ಲೂ ಹೋಗಲ್ಲ, ನಿಧಾನಕ್ಕೆ ಕದೀರಿ."

ಮಹಾರಾಜ ತಲೆಯೆತ್ತಿ ಚೆಂಬನ್ನೂ ಅವಳನ್ನೂ ನೋಡಿದ. ಆಮೇಲೆ ಎದ್ದು ನಿಂತ. ಹೊಟ್ಟೆ, ಮಂಡಿ, ಗಡ್ಡ ಎಲ್ಲ ಕೆಮ್ಮಣ್ಣು. ಮಜ್ಜಿಗೆ ಕುಡಿದ. ಚೆಂಬು ವಾಪಸು ಕೊಟ್ಟು, "ಕೊತ್ತಂಬರಿ ಚೆನ್ನಾಗಿತ್ತಮ್ಮ," ಎಂದ. ಮೇಲಿನವರೆಲ್ಲ ಚಪ್ಪಾಳೆ ಹೊಡೆದರು. ರಾಜ ತಿರುಗಿ, ಯಾರ ಮುಖವನ್ನೂ ನೋಡದೆ, ನೆಟ್ಟಗೆ ಹೊಗೆಬೆಟ್ಟ ಹತ್ತಿ, ತನ್ನ ಶಾಲನ್ನೇ ಮುದ್ದೆಮಾಡಿ ಕೊಳವೆಗೆ ತುರುಕಿದ.

ರಾಜ ಮುಚ್ಚಿದ ಮೇಲೆ ರಾಣಿ ಮುಚ್ಚಿದಳು. ಗೊಣಗುತ್ತಾ ಸೇನಾಪತಿ ಮುಚ್ಚಿದ. ಆಮೇಲೆ ಸಾಲುಸಾಲಾಗಿ ಊರಿಗೆ ಊರೇ ಬಂತು. ಒಬ್ಬ ಅಡುಗೆಭಟ್ಟ ಮಾತ್ರ ಕೊನೆಯದೊಂದು ಸ್ನಾನವೆಂದು ಹೋಗಿ ಮೂರು ದಿನ ಹೊರಗೆ ಬರಲಿಲ್ಲ. ಕೊನೆಗೆ ಕಿವಿಯಜ್ಜಿ ಹೋಗಿ ಬಚ್ಚಲ ಬಾಗಿಲಲ್ಲಿ ಕೂತು ಏಳು ಮೊಮ್ಮಕ್ಕಳ ಹೆಸರು ಒಂದೊಂದಾಗಿ ಹೇಳಿತು. ಐದು ಹೆಸರಿಗೆ ಮರಿಗಳು ಓಗೊಟ್ಟವು. ಎರಡು ಹೆಸರಿಗೆ ಯಾರೂ ಓಗೊಡಲಿಲ್ಲ. ಭಟ್ಟ ಮೈ ಒರೆಸಿಕೊಂಡು ಬಂದು ತನ್ನ ಕೊಳವೆ ಮುಚ್ಚಿದ. ಆಗ ಒಲೆ ಚೊಂಯ್ ಎಂದಿತು. ಆ ಸದ್ದಿಗೆ ಏಳು ರಾಜ್ಯದ ಬೆಕ್ಕುಗಳು ಮಾಳಿಗೆ ಹತ್ತಿದವು.

ಕೆಂಡರಾಯ ಬಿಳಿ ತುಪ್ಪಳದ ನಿಲುವಂಗಿಯಲ್ಲಿ ಬೆಚ್ಚಗೆ ಬೆಟ್ಟದ ಮೇಲೆ ಬಂದು ಕೂತ. ಆಕಾಶದಲ್ಲಿ ತಿರುಗುತ್ತಿದ್ದ ಅವನದೇ ಗಿಡುಗ ಕೆಳಗೆ ನೋಡಿತು. ಕಂದುಬೆಟ್ಟದ ಮೇಲೆ ಗುಡಿಸಲಿನಷ್ಟು ದೊಡ್ಡ ಬಿಳಿಮೊಲ! ಕಲ್ಲು ಬಿದ್ದ ಹಾಗೆ ಬಿದ್ದು ಎತ್ತಿಕೊಂಡು ಹಾರಿತು. "ನಾನು ಕಣೋ, ನಾನು!" ಎಂದು ಮುದುಕ ಕಿರುಚಿಕೊಂಡ. ಗುರುತು ಸಿಕ್ಕಿದ್ದೇ ಗಿಡುಗ ಗಾಬರಿಯಾಗಿ ಬಿಟ್ಟುಬಿಟ್ಟಿತು, ಕೆಳಗೆ ಹೊಳೆ. ಮುನ್ನೂರು ವರ್ಷದಲ್ಲಿ ಅದೇ ಅವನ ಮೊದಲ ತಣ್ಣೀರು ಸ್ನಾನ. ಮೇಲೆ ಬಂದವನ ಬಾಯಿಂದ ಒಂದು ಮಂತ್ರವೂ ಹೊರಡಲಿಲ್ಲ, ಎಲ್ಲ ತೊಳೆದುಹೋಗಿತ್ತು. ಅವನು ಮಾಚನ ಮನೆಯಲ್ಲೇ ಉಳಿದು, ಒಣಗಿದ ಅಂಗಿ ಮಡಿಸುವ ಕೆಲಸ ಹಿಡಿದ. ಗಿಡುಗನನ್ನು ಅಜ್ಜಿ ಸುಮ್ಮನೆ ಬಿಡಲಿಲ್ಲ. ಅದರ ಕಾಲಿಗೆ ದಾರ ಕಟ್ಟಿಸಿ ನೆರಳುಗಂಬದ ತುದಿಯಲ್ಲಿ ಕೂರಿಸಿತು. ನೆರಳು ಮೂರನೆಯ ಕಲ್ಲು ಮುಟ್ಟಿದರೆ ಸಾಲದು, ದೂರದ ಬೆಟ್ಟದಲ್ಲಿ ಹಿಮ ಕಂಡಿತೆಂದು ಗಿಡುಗ ಕೂಗಬೇಕು, ಆಮೇಲೆಯೇ ತಮಟೆ. ಅಲ್ಲಿಯವರೆಗೆ ಕಂದು ಅಂಗಿಯೇ.

ಆ ವರ್ಷ ಹಿಮ ಬರಲಿಲ್ಲ. ಹೊದ್ದ ಕಂಬಳಿ ಒಂದೇ ದಿನಕ್ಕೆ ಜಾರುತ್ತದೆಯೇ? ಜನ ಹಲ್ಲು ಕಚ್ಚಿ ತಣ್ಣೀರು ಹುಯ್ದುಕೊಂಡರು, ಹುಯ್ದುಕೊಳ್ಳುವಾಗ ಮಾಚನನ್ನು ಬೈದರು. ಎರಡನೆಯ ವರ್ಷ ಕಾಲ್ಬೆರಳು ಮುಚ್ಚುವಷ್ಟು ಬಂತು. ಮೂರನೆಯ ವರ್ಷ ಒಂದು ಬೆಳಗ್ಗೆ ಗಿಡುಗ ಗಂಟಲು ಹರಿಯುವಂತೆ ಕೂಗಿತು, ಮಾಚ ತಮಟೆ ಬಡಿದ, ಸಂಜೆಯೊಳಗೆ ಊರು ಮುಳುಗಿಹೋಯಿತು.

ಮರುದಿನ ಮಾಚ ಮೂಟೆ ಹೊತ್ತು ಬಯಲಿಗೆ ಬಂದ. ಎತ್ತ ನೋಡಿದರೂ ಬೆಳ್ಳಗೆ. ಒಂದು ಕಿವಿಯಿಲ್ಲ, ಒಂದು ಬಾಲವಿಲ್ಲ. "ಅಜ್ಜೀ?" ಎಂದು ಕೂಗಿದ.

"ನಾವು ಇಲ್ಲೇ ಇಲ್ಲವಲ್ಲ!" ಎಂದು ಅವನ ಕಾಲಬುಡದಿಂದಲೇ ಐದಾರು ದನಿಗಳು ನಕ್ಕವು. ಆಚೆ ಎಲ್ಲೋ ಒಂದು ಇಲಿ, "ಸೊಟ್ಟಪ್ಪ ಎಲ್ಲಿದ್ದಾನೆ, ಯಾರಿಗಾದರೂ ಕಂಡ್ನಾ?" ಎಂದು ಕೇಳುತ್ತಿತ್ತು. ಯಾರಿಗೂ ಕಂಡಿರಲಿಲ್ಲ.

ಅವರೆಲ್ಲ ಅಲ್ಲಿ ತಣ್ಣೀರು ಮಿಂದು, ಬೆಚ್ಚಗೆ ಹೊದ್ದು, ನಗುನಗುತ್ತಾ ಇದ್ದಾರೆ. ನಾವು ಇಲ್ಲಿ, ಹಂಡೆಗೆ ಇನ್ನೊಂದು ಸೌದೆ ತುರುಕಿ, ನೀರು ಕಾಯಲಿ ಎಂದು ಕೂತಿದ್ದೇವೆ.